ಕೆಮ್ಮಿಗೆ ಮಾತ್ರೆ ನುಂಗುವ ಮುನ್ನ

ಇಫ್ತಾರಿಗೆ ಚೈನಾ ಗ್ರಾಸ್ ಮಾಡುವುದು ನಮ್ಮ ಹಲವು ಮನೆಗಳಲ್ಲಿ ರೂಢಿ. ಹಾಲು, ಸಕ್ಕರೆ ಹಾಕಿ ಕುದಿಸಿ ತಟ್ಟೆಗೆ ಸುರಿದಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಗಟ್ಟಿಯಾಗುತ್ತದೆ. ಎಂಥ ಸೆಖೆಯಲ್ಲೂ ಅದು ಕರಗಿ ನೀರಾಗುವುದಿಲ್ಲ. ಸಮುದ್ರದ ಪಾಚಿಯಿಂದ ತಯಾರಾಗುವ ಈ ವಸ್ತುವಿಗೆ ಅಗಾರ್ ಎಂಬ ಹೆಸರೂ ಇದೆ. ಆಸ್ಪತ್ರೆಯ ಲ್ಯಾಬಿನಲ್ಲಿ ನಿಮ್ಮ ಕಫದೊಳಗಿನ ರೋಗಾಣುವನ್ನು ಬೆಳೆಸಿ ನೋಡುವುದು ಇದೇ ಅಗಾರ್‌ನ ಮೇಲೆ ಎಂದರೆ ನಂಬುವಿರಾ?

ಅದನ್ನು ಲ್ಯಾಬಿಗೆ ಕೊಟ್ಟವಳು ಕೂಡಾ ಒಬ್ಬ ಗೃಹಿಣಿ. ಜರ್ಮನಿಯ ವೈದ್ಯ ವಾಲ್ಟರ್ ಹೆಸ್ಸೆ ಗಾಳಿಯಲ್ಲಿರುವ ರೋಗಾಣುಗಳನ್ನು ಜೆಲಾಟಿನ್ ಮೇಲೆ ಬೆಳೆಸಲು ಯತ್ನಿಸುತ್ತಿದ್ದರು. ಬೇಸಿಗೆಯಲ್ಲಿ ಜೆಲಾಟಿನ್ ಕರಗಿ ಶ್ರಮವೆಲ್ಲ ನೀರಾಗುತ್ತಿತ್ತು. ಅವರ ಪತ್ನಿ ಫ್ಯಾನಿ ಹೆಸ್ಸೆ ಅಡುಗೆ ಮನೆಯಲ್ಲಿ ಸಿಹಿತಿಂಡಿಗೆ ಅಗಾರ್ ಬಳಸುತ್ತಿದ್ದರು. 'ಇದನ್ನೇ ಯಾಕೆ ಬಳಸಬಾರದು?' ಎಂಬ ಸಲಹೆ ಅವರದ್ದು. ಅದು 1881ರ ಮಾತು. ಮರುವರ್ಷ ರಾಬರ್ಟ್ ಕಾಕ್ ಕ್ಷಯರೋಗದ ರೋಗಾಣುವಿನ ಬಗ್ಗೆ ಬರೆದ ಲೇಖನದಲ್ಲಿ ಅಗಾರ್‌ನ ಪ್ರಸ್ತಾಪವಿತ್ತು, ಆದರೆ ಫ್ಯಾನಿಯ ಹೆಸರಿರಲಿಲ್ಲ. ಇಂದು ಜಗತ್ತಿನ ಎಲ್ಲ ಲ್ಯಾಬ್‌ಗಳಲ್ಲೂ ಆ ಗೃಹಿಣಿಯ ಸಲಹೆಯೇ ನಡೆಯುತ್ತಿದೆ.

ಸಹೋದರಿಯರೇ, ಲ್ಯಾಬ್ ಎಂಬುದು ನಮಗೆ ಅಷ್ಟೊಂದು ದೂರದ ಲೋಕವೇನಲ್ಲ. ಹೀಗಿದ್ದರೂ ಮನೆಯಲ್ಲಿ ಯಾರಿಗಾದರೂ ಕೆಮ್ಮು ಬಂದರೆ ನಾವು ಮೊದಲು ನೆನೆಯುವುದು ಮೆಡಿಕಲ್ ಶಾಪನ್ನು. ಕಳೆದ ಸಲದ ಚೀಟಿ ಇದೆಯಾ, ಗಲ್ಫ್‌ನಿಂದ ಬಂದವರು ಬಿಟ್ಟುಹೋದ ಮಾತ್ರೆ ಉಳಿದಿದೆಯಾ, ಪಕ್ಕದ ಮನೆಯವರಿಗೆ ಯಾವುದು ನಾಟಿತು ಎಂದು ವಿಚಾರಿಸುತ್ತೇವೆ. 'ಇದು ಯಾವ ರೋಗಾಣು? ಅದಕ್ಕೆ ಯಾವ ಮದ್ದು ನಾಟುತ್ತದೆ?' ಎಂಬ ಮುಖ್ಯ ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ. ಆ ಪ್ರಶ್ನೆಗೆ ಉತ್ತರ ಸಿಗುವುದು ಲ್ಯಾಬಿನಲ್ಲಿ.

ಎಲ್ಲ ಕೆಮ್ಮೂ ಒಂದೇ ಅಲ್ಲ

ಮಳೆಗಾಲ ಶುರುವಾದೊಡನೆ ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ಸುತ್ತುವ ನೆಗಡಿ, ಗಂಟಲು ನೋವು, ಕೆಮ್ಮುಗಳಲ್ಲಿ ಹೆಚ್ಚಿನವು ವೈರಸ್‌ನಿಂದ ಬರುವಂಥವು. ಆ್ಯಂಟಿಬಯೋಟಿಕ್ ವೈರಸನ್ನು ಕೊಲ್ಲುವುದಿಲ್ಲ. ಅದು ಬ್ಯಾಕ್ಟೀರಿಯಾ ಎಂಬ ಬೇರೆಯೇ ಜಾತಿಯ ರೋಗಾಣುವಿಗೆ ಕೊಡುವ ಮದ್ದು. ನೆಗಡಿಗೆ ಆ್ಯಂಟಿಬಯೋಟಿಕ್ ತಿಂದು ನಾಲ್ಕನೇ ದಿನ ವಾಸಿಯಾಯಿತು ಎನ್ನುವವರು, ಅದನ್ನು ತಿನ್ನದಿದ್ದರೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ವಾಸಿಯಾಗುತ್ತಿತ್ತು ಎಂಬುದನ್ನು ಮರೆಯುತ್ತಾರೆ.

ಕೋವಿಡ್ ಕಾಲವನ್ನು ನೆನಪಿಸಿಕೊಳ್ಳಿ. 2020ರಲ್ಲಿ ಅಜಿತ್ರೋಮೈಸಿನ್ ಮಾತ್ರೆ ಮನೆಮನೆಯ ಮದ್ದಾಗಿಬಿಟ್ಟಿತು. ಕೋವಿಡ್ ವೈರಸ್‌ನಿಂದ ಬರುವ ರೋಗ. ಬ್ರಿಟನ್ನಿನಲ್ಲಿ ಸಾವಿರಾರು ರೋಗಿಗಳನ್ನು ಒಳಗೊಂಡ 'ರಿಕವರಿ' ಎಂಬ ದೊಡ್ಡ ಅಧ್ಯಯನವು, ಆಸ್ಪತ್ರೆಗೆ ದಾಖಲಾದ ಕೋವಿಡ್ ರೋಗಿಗಳಿಗೆ ಅಜಿತ್ರೋಮೈಸಿನ್‌ನಿಂದ ಪ್ರಯೋಜನವಿಲ್ಲ ಎಂದು ಅದೇ ವರ್ಷದ ಡಿಸೆಂಬರಿನಲ್ಲಿ ತಿಳಿಸಿತು. ಅಷ್ಟರಲ್ಲಿ ಲೆಕ್ಕವಿಲ್ಲದಷ್ಟು ಮಾತ್ರೆಗಳು ಖರ್ಚಾಗಿ ಹೋಗಿದ್ದವು.

ಕಫ ಹಳದಿ ಅಥವಾ ಹಸಿರು ಬಣ್ಣಕ್ಕೆ ತಿರುಗಿದರೆ ಆ್ಯಂಟಿಬಯೋಟಿಕ್ ಬೇಕೇ ಬೇಕು ಎಂಬ ನಂಬಿಕೆಯೂ ನಮ್ಮಲ್ಲಿದೆ. ಬಣ್ಣವೊಂದನ್ನೇ ನೋಡಿ ಹಾಗೆ ಹೇಳಲಾಗದು. ವೈರಸ್‌ನ ಕೆಮ್ಮಿನಲ್ಲೂ ಕಫದ ಬಣ್ಣ ಬದಲಾಗುತ್ತದೆ.

ಹಾಗೆಂದು ಬ್ಯಾಕ್ಟೀರಿಯಾದ ಕಾಯಿಲೆಗಳು ಅಪರೂಪವೆಂದಲ್ಲ. ನ್ಯುಮೋನಿಯಾದ ಒಂದು ದೊಡ್ಡ ಪಾಲು, ಮಕ್ಕಳ ಗಂಟಲ ಸೋಂಕಿನ ಒಂದು ಪಾಲು, ನಾಯಿಕೆಮ್ಮು, ಗಂಟಲಮಾರಿ, ಕ್ಷಯ ಇವೆಲ್ಲ ಬ್ಯಾಕ್ಟೀರಿಯಾದಿಂದಲೇ ಬರುತ್ತವೆ. ಆದರೆ ಇವುಗಳ ರೋಗಾಣು ಬೇರೆ ಬೇರೆ, ಮದ್ದೂ ಬೇರೆ ಬೇರೆ. ಒಂದು ಬೀಗದ ಕೀಲಿಕೈ ಇನ್ನೊಂದಕ್ಕೆ ಆಗುವುದಿಲ್ಲ.

ಫ್ಲೆಮಿಂಗ್ ಹೇಳಿದ ಕಥೆ

ಪೆನ್ಸಿಲಿನ್ ಎಂಬ ಆ್ಯಂಟಿಬಯೋಟಿಕನ್ನು ಅಲೆಗ್ಸಾಂಡರ್ ಫ್ಲೆಮಿಂಗ್ ಕಂಡುಹಿಡಿದದ್ದು 1928ರಲ್ಲಿ. ಅದಕ್ಕಾಗಿ 1945ರಲ್ಲಿ ಅವರಿಗೆ ಇನ್ನಿಬ್ಬರೊಂದಿಗೆ ನೊಬೆಲ್ ಪ್ರಶಸ್ತಿ ಸಿಕ್ಕಿತು. ಪ್ರಶಸ್ತಿ ಸ್ವೀಕರಿಸಿ ಮಾಡಿದ ಭಾಷಣದಲ್ಲಿ ಅವರು ಒಂದು ಕಲ್ಪಿತ ಕಥೆ ಹೇಳಿದರು. ಒಬ್ಬನಿಗೆ ಗಂಟಲು ನೋವು. ಅವನು ತಾನೇ ಪೆನ್ಸಿಲಿನ್ ಕೊಂಡು ತೆಗೆದುಕೊಳ್ಳುತ್ತಾನೆ. ರೋಗಾಣು ಸಾಯುವಷ್ಟು ಅಲ್ಲ, ಆ ಮದ್ದನ್ನು ಎದುರಿಸಲು ಕಲಿಯುವಷ್ಟು ಮಾತ್ರ. ಅವನಿಂದ ಹೆಂಡತಿಗೆ ಸೋಂಕು ಹರಡುತ್ತದೆ. ಅವಳಿಗೆ ನ್ಯುಮೋನಿಯಾ ಆಗುತ್ತದೆ. ಪೆನ್ಸಿಲಿನ್ ಕೊಡುತ್ತಾರೆ, ನಾಟುವುದಿಲ್ಲ. ಅವಳು ಸಾಯುತ್ತಾಳೆ. ಆ ಸಾವಿಗೆ ಯಾರು ಹೊಣೆ ಎಂದು ಫ್ಲೆಮಿಂಗ್ ಕೇಳಿದರು. ಗಂಡನ ಅಜಾಗರೂಕತೆಯೇ ರೋಗಾಣುವಿನ ಸ್ವಭಾವವನ್ನು ಬದಲಿಸಿತು ಎಂಬುದು ಅವರ ಉತ್ತರವಾಗಿತ್ತು.

ಮಾತ್ರೆ ತಿಂದವನೊಬ್ಬ, ಪ್ರಾಣ ತೆತ್ತವಳು ಇನ್ನೊಬ್ಬಳು. ಈ ಕಥೆಯ ತಿರುಳು ಇದೇ. ಬಿಪಿಯ ಮಾತ್ರೆಯನ್ನು ತಪ್ಪಾಗಿ ತಿಂದರೆ ತಿಂದವರಿಗೆ ತೊಂದರೆ. ಆ್ಯಂಟಿಬಯೋಟಿಕ್ ಹಾಗಲ್ಲ. ನಮ್ಮ ದೇಹದಲ್ಲಿ ಆ ಮದ್ದಿಗೆ ಬಗ್ಗದೆ ಉಳಿದ ರೋಗಾಣು ವೃದ್ಧಿಯಾಗಿ, ಒಂದೇ ಕೋಣೆಯಲ್ಲಿ ಮಲಗುವ ಮಗುವಿಗೆ, ವಯಸ್ಸಾದ ಅತ್ತೆ ಮಾವನಿಗೆ, ಬಸುರಿ ಮಗಳಿಗೆ ದಾಟಬಹುದು.

ಕಥೆಯ ಗಂಟಲಿನ ರೋಗಾಣು ಸ್ಟ್ರೆಪ್ಟೊಕಾಕಸ್ ಇಂದಿಗೂ ಪೆನ್ಸಿಲಿನ್‌ಗೆ ಬಗ್ಗುತ್ತಿದೆ ಎಂಬುದು ಸಮಾಧಾನದ ಸಂಗತಿ. ಆದರೆ ಅದರ ಸಂಬಂಧಿ, ನ್ಯುಮೋನಿಯಾ ತರುವ ನ್ಯುಮೊಕಾಕಸ್ ವಿಷಯದಲ್ಲಿ ಫ್ಲೆಮಿಂಗ್ ಅವರ ಭಯ ನಿಜವಾಯಿತು. ಪೆನ್ಸಿಲಿನ್‌ಗೆ ಸುಲಭವಾಗಿ ಬಗ್ಗದ ನ್ಯುಮೊಕಾಕಸ್ 1967ರಲ್ಲಿ ಆಸ್ಟ್ರೇಲಿಯಾದಿಂದ ವರದಿಯಾಯಿತು. 1977ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹಲವು ಮದ್ದುಗಳಿಗೆ ಒಟ್ಟಿಗೇ ಬಗ್ಗದ ನ್ಯುಮೊಕಾಕಸ್ ಕಾಣಿಸಿಕೊಂಡಿತು.

2022ರಲ್ಲಿ 'ಲಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ, 2019ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಸಾವುಗಳಿಗೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣ. ಇಂತಹ ಬ್ಯಾಕ್ಟೀರಿಯಾಗಳು ಅತಿ ಹೆಚ್ಚು ಜೀವಹಾನಿ ಮಾಡಿದ್ದು ನ್ಯುಮೋನಿಯಾದಂತಹ ಶ್ವಾಸಕೋಶದ ಸೋಂಕುಗಳಲ್ಲಿ ಎಂಬುದು ಗಮನಾರ್ಹ.

ನಮ್ಮ ದೇಶದಲ್ಲೂ ಕಾನೂನು ಇದೆ. 2014ರ ಮಾರ್ಚ್ 1ರಿಂದ 'ಶೆಡ್ಯೂಲ್ ಎಚ್ 1' ಪಟ್ಟಿಯ ಔಷಧಿಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು. ಕ್ಷಯದ ಔಷಧಿಗಳೂ ಹಲವು ಪ್ರಬಲ ಆ್ಯಂಟಿಬಯೋಟಿಕ್‌ಗಳೂ ಆ ಪಟ್ಟಿಯಲ್ಲಿವೆ. ಮಾತ್ರೆಯ ಹಾಳೆಯ ಮೇಲೆ ನೇರವಾದ ಕೆಂಪು ಗೆರೆ ಕಂಡರೆ ಅದನ್ನು ವೈದ್ಯರನ್ನು ಕೇಳದೆ ತಿನ್ನಬಾರದು ಎಂದು ತಿಳಿಸಲು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿ ಪ್ರಚಾರ ಆರಂಭಿಸಿತು. ನಿಮ್ಮ ಮನೆಯ ಔಷಧಿ ಡಬ್ಬಿಯನ್ನು ಒಮ್ಮೆ ತೆರೆದು ನೋಡಿ. ಎಷ್ಟು ಕೆಂಪು ಗೆರೆಗಳಿವೆ?

ಲ್ಯಾಬಿನೊಳಗೆ ನಡೆಯುವುದೇನು?

ವೈದ್ಯರು 'ಕಲ್ಚರ್ ಆ್ಯಂಡ್ ಸೆನ್ಸಿಟಿವಿಟಿ' ಎಂದು ಬರೆದುಕೊಟ್ಟರೆ ಹಲವರಿಗೆ ಅದು ಸುಮ್ಮನೆ ಖರ್ಚಿನ ದಾರಿಯಾಗಿ ಕಾಣುತ್ತದೆ. ಅಲ್ಲಿ ನಡೆಯುವ ಕೆಲಸವನ್ನು ತಿಳಿದರೆ ಹಾಗೆನಿಸದು.

ಮೊದಲು ಕಫವನ್ನು ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಸವರಿ ಬಣ್ಣ ಹಾಕುತ್ತಾರೆ. ಈ ವಿಧಾನವನ್ನು 1884ರಲ್ಲಿ ಪ್ರಕಟಿಸಿದವರು ಡೆನ್ಮಾರ್ಕಿನ ವೈದ್ಯ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಮ್. ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶವನ್ನು ಪರೀಕ್ಷಿಸುವಾಗ ಅವರಿಗೆ ಇದು ಹೊಳೆಯಿತು. ಕೆಲವು ಬ್ಯಾಕ್ಟೀರಿಯಾಗಳು ನೇರಳೆ ಬಣ್ಣವನ್ನು ಹಿಡಿದಿಟ್ಟುಕೊಳ್ಳುತ್ತವೆ, ಕೆಲವು ಬಿಟ್ಟುಬಿಟ್ಟು ಗುಲಾಬಿಯಾಗಿ ಕಾಣುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರೋಗಾಣು ಯಾವ ಗುಂಪಿನದು ಎಂಬ ಸುಳಿವು ಅದೇ ದಿನ ಸಿಗುತ್ತದೆ.

ನಂತರ ಕಫವನ್ನು ಅಗಾರ್ ತಟ್ಟೆಯ ಮೇಲೆ ಸವರುತ್ತಾರೆ. ಆ ಅಗಾರ್‌ನಲ್ಲಿ ಹಾಲು ಸಕ್ಕರೆ ಇರುವುದಿಲ್ಲ, ರೋಗಾಣುವಿಗೆ ಬೇಕಾದ ಪೋಷಕಾಂಶ ಮತ್ತು ಹೆಚ್ಚಾಗಿ ಕುರಿಯ ರಕ್ತ ಬೆರೆಸಿರುತ್ತಾರೆ. ನಮ್ಮ ದೇಹದಷ್ಟೇ ಬಿಸಿ ಇರುವ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ಇಟ್ಟರೆ ಬೆಳಿಗ್ಗೆ ಬ್ಯಾಕ್ಟೀರಿಯಾಗಳು ಸಾಸಿವೆ ಕಾಳಿನಂಥ ಚುಕ್ಕೆಗಳಾಗಿ ಕಾಣುತ್ತವೆ.

ಆ ಬ್ಯಾಕ್ಟೀರಿಯಾವನ್ನು ಇನ್ನೊಂದು ತಟ್ಟೆಯ ತುಂಬಾ ಹರಡಿ, ಅದರ ಮೇಲೆ ಒಂದೊಂದು ಆ್ಯಂಟಿಬಯೋಟಿಕ್‌ನಲ್ಲಿ ಅದ್ದಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಮರುದಿನ ನೋಡಿದರೆ ಕೆಲವು ಬಿಲ್ಲೆಗಳ ಸುತ್ತ ಏನೂ ಬೆಳೆಯದ ಖಾಲಿ ವೃತ್ತ ಇರುತ್ತದೆ. ಆ ಮದ್ದು ನಾಟಿದೆ ಎಂದರ್ಥ. ಕೆಲವು ಬಿಲ್ಲೆಗಳ ಅಂಚಿನವರೆಗೂ ಬ್ಯಾಕ್ಟೀರಿಯಾ ಹಾಯಾಗಿ ಬೆಳೆದಿರುತ್ತದೆ. ಆ ಮದ್ದನ್ನು ನೀವು ಎಷ್ಟು ತಿಂದರೂ ವ್ಯರ್ಥ. ವೃತ್ತವನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆದು ವರದಿ ಬರೆಯುತ್ತಾರೆ. ಹೀಗೆ ಅಳೆಯುವ ಕ್ರಮ 1966ರಲ್ಲಿ ರೂಪುಗೊಂಡದ್ದು. ಈಗ ದೊಡ್ಡ ಲ್ಯಾಬ್‌ಗಳಲ್ಲಿ ಯಂತ್ರಗಳೂ ಈ ಕೆಲಸ ಮಾಡುತ್ತವೆ.

ವರದಿಯಲ್ಲಿ ಮದ್ದಿನ ಹೆಸರಿನ ಮುಂದೆ ಇಂಗ್ಲಿಷಿನ 'ಎಸ್' ಅಕ್ಷರವಿದ್ದರೆ ರೋಗಾಣು ಆ ಮದ್ದಿಗೆ ಬಗ್ಗುತ್ತದೆ, 'ಆರ್' ಇದ್ದರೆ ಬಗ್ಗುವುದಿಲ್ಲ, 'ಐ' ಇದ್ದರೆ ನಡುವಿನದು. ಹಾಗೆಂದು 'ಎಸ್' ಇರುವುದನ್ನು ನೋಡಿ ನೀವೇ ಕೊಂಡು ತಿನ್ನಬೇಡಿ. ವಯಸ್ಸು, ಮೂತ್ರಪಿಂಡದ ಸ್ಥಿತಿ, ಗರ್ಭ, ಅಲರ್ಜಿ ಎಲ್ಲವನ್ನೂ ನೋಡಿ ಆರಿಸಬೇಕಾದವರು ವೈದ್ಯರು.

ಇದಕ್ಕೆಲ್ಲ ಎರಡು ಮೂರು ದಿನ ಬೇಕು. ರೋಗಿ ತೀರಾ ಅಸ್ವಸ್ಥರಾಗಿದ್ದರೆ ವೈದ್ಯರು ಕಾಯುವುದಿಲ್ಲ. ಮಾದರಿ ತೆಗೆದುಕೊಂಡ ಕೂಡಲೇ ಮದ್ದು ಶುರು ಮಾಡಿ, ವರದಿ ಬಂದ ಮೇಲೆ ಬೇಕಾದರೆ ಬದಲಿಸುತ್ತಾರೆ. 'ಮೊನ್ನೆ ಒಂದು ಮದ್ದು, ಇವತ್ತು ಇನ್ನೊಂದು' ಎಂದು ಅಂತಹ ವೈದ್ಯರನ್ನು ಆಡಿಕೊಳ್ಳಬೇಡಿ. ಅವರು ಸರಿಯಾದ ಕೆಲಸವನ್ನೇ ಮಾಡುತ್ತಿದ್ದಾರೆ. ಎಲ್ಲ ಕೆಮ್ಮಿಗೂ ಈ ಪರೀಕ್ಷೆ ಬೇಕೆಂದೂ ಇಲ್ಲ. ಬೇಕೋ ಬೇಡವೋ ಎಂದು ವೈದ್ಯರು ಹೇಳಲಿ, ಮೆಡಿಕಲ್ ಶಾಪಿನ ಹುಡುಗನಲ್ಲ.

ಮಕ್ಕಳ ಗಂಟಲು

5ರಿಂದ 15 ವರ್ಷದ ಮಕ್ಕಳಿಗೆ ಜ್ವರ, ನುಂಗಲಾರದಷ್ಟು ಗಂಟಲು ನೋವು, ಕುತ್ತಿಗೆಯಲ್ಲಿ ಮುಟ್ಟಿದರೆ ನೋಯುವ ಗಂಟುಗಳಿದ್ದು, ಕೆಮ್ಮು ನೆಗಡಿ ಇಲ್ಲದಿದ್ದರೆ ಅದು ಸ್ಟ್ರೆಪ್ಟೊಕಾಕಸ್ ಇರಬಹುದು. ಇದನ್ನು ಕಡೆಗಣಿಸುವಂತಿಲ್ಲ. ಸರಿಯಾದ ಮದ್ದು ಸಿಗದಿದ್ದರೆ ಕೆಲವು ಮಕ್ಕಳಲ್ಲಿ ವಾರಗಳ ನಂತರ ಸಂಧಿವಾತದ ಜ್ವರ ಬಂದು ಹೃದಯದ ಕವಾಟ ಹಾಳಾಗುತ್ತದೆ. ಬಾಲ್ಯದಲ್ಲಿ ಯಾರ ಗಮನಕ್ಕೂ ಬಾರದ ಈ ಕವಾಟದ ತೊಂದರೆ ಎಷ್ಟೋ ಹೆಣ್ಣು ಮಕ್ಕಳಲ್ಲಿ ಬೆಳಕಿಗೆ ಬರುವುದು ಅವರು ಗರ್ಭಿಣಿಯಾದಾಗ, ಉಸಿರು ಕಟ್ಟಿದಾಗ.

ಇಲ್ಲಿ ಬೇಕಾಗುವುದು ಗಂಟಲಿನ ದ್ರವದ ಪರೀಕ್ಷೆ. ಹತ್ತಿ ಸುತ್ತಿದ ಕಡ್ಡಿಯನ್ನು ಟಾನ್ಸಿಲ್ ಮೇಲೆ ಒಮ್ಮೆ ಸವರುತ್ತಾರೆ, ಅಷ್ಟೇ. ಗಂಟಲು ನೋವು ಶುರುವಾದ 9 ದಿನಗಳೊಳಗೆ ಸರಿಯಾದ ಆ್ಯಂಟಿಬಯೋಟಿಕ್ ಆರಂಭಿಸಿದರೂ ಸಂಧಿವಾತದ ಜ್ವರವನ್ನು ತಡೆಯಬಹುದು. ಆದ್ದರಿಂದ ವೈದ್ಯರು ಹೇಳಿದರೆ ಫಲಿತಾಂಶಕ್ಕಾಗಿ ಒಂದೆರಡು ದಿನ ಕಾಯುವುದರಿಂದ ನಷ್ಟವಿಲ್ಲ. ಮದ್ದು ಆರಂಭಿಸಿದ ಮೇಲೆ ಮಗು ಮೂರನೇ ದಿನ ಆಡಲು ಓಡಿತೆಂದು ನಿಲ್ಲಿಸಬೇಡಿ. ಪೆನ್ಸಿಲಿನ್ ಮಾತ್ರೆಯಾದರೆ ಸಾಮಾನ್ಯವಾಗಿ 10 ದಿನ ಕೊಡಬೇಕಾಗುತ್ತದೆ.

ರಾವಲ್ಪಿಂಡಿಯ ಪಾಠ

ಲ್ಯಾಬ್ ಎಷ್ಟೇ ಒಳ್ಳೆಯದಿದ್ದರೂ ನಾವು ಕೊಡುವ ಮಾದರಿ ಸರಿಯಿಲ್ಲದಿದ್ದರೆ ಪ್ರಯೋಜನವಿಲ್ಲ. ಈ ವಿಷಯದಲ್ಲಿ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದ ಒಂದು ಅಧ್ಯಯನವನ್ನು ಪ್ರತಿಯೊಬ್ಬ ಮಹಿಳೆಯೂ ತಿಳಿದಿರಬೇಕು.

ಅಲ್ಲಿನ ಕ್ಷಯ ಚಿಕಿತ್ಸಾ ಕೇಂದ್ರಕ್ಕೆ ಕೆಮ್ಮೆಂದು ಬರುತ್ತಿದ್ದ ಮಹಿಳೆಯರ ಕಫದಲ್ಲಿ ರೋಗಾಣು ಪತ್ತೆಯಾಗುತ್ತಿದ್ದದ್ದು ಪುರುಷರಿಗಿಂತ ಕಡಿಮೆ. ಮಹಿಳೆಯರಿಗೆ ರೋಗವೇ ಕಡಿಮೆಯೆಂದೇ? ಸಂಶೋಧಕರು ಸುಮಾರು 3,000 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೊದಲಿನಂತೆ ಡಬ್ಬಿ ಕೊಟ್ಟರು. ಇನ್ನೊಂದು ಗುಂಪಿಗೆ ಉಗುಳು ಬೇರೆ, ಕಫ ಬೇರೆ, ಆಳದಿಂದ ಕೆಮ್ಮಿ ಹೇಗೆ ಕೊಡಬೇಕು ಎಂದು ವಿವರಿಸಿದರು. 2007ರಲ್ಲಿ ಪ್ರಕಟವಾದ ಫಲಿತಾಂಶ ಬೆರಗುಗೊಳಿಸುವಂತಿತ್ತು. ವಿವರಣೆ ಸಿಗದ ಮಹಿಳೆಯರಲ್ಲಿ ನೂರಕ್ಕೆ 8 ಮಂದಿಯಲ್ಲಿ ರೋಗಾಣು ಕಂಡರೆ, ವಿವರಣೆ ಸಿಕ್ಕ ಮಹಿಳೆಯರಲ್ಲಿ 13 ಮಂದಿಯಲ್ಲಿ ಕಂಡಿತು. ಪುರುಷರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಇದರ ಅರ್ಥವೇನು? ಎಷ್ಟೋ ಹೆಂಗಸರು ಡಬ್ಬಿಯಲ್ಲಿ ಉಗುಳನ್ನು ತುಂಬಿಸಿ ಕೊಡುತ್ತಿದ್ದರು. ಜನರ ಎದುರು ಗಟ್ಟಿಯಾಗಿ ಕೆಮ್ಮಿ ಕ್ಯಾಕರಿಸುವುದು ಹೆಣ್ಣಿಗೆ ಶೋಭಿಸದು ಎಂಬ ಸಂಕೋಚ ನಮಗೂ ಹೊಸತಲ್ಲ. 'ಏನೂ ಇಲ್ಲ' ಎಂಬ ವರದಿ ಹಿಡಿದು ಅವರು ಮನೆಗೆ ಮರಳುತ್ತಿದ್ದರು. ರೋಗವೂ ಅವರೊಂದಿಗೆ ಮರಳಿ ಮಕ್ಕಳ ನಡುವೆ ಮಲಗುತ್ತಿತ್ತು.

ಕಫ ಕೊಡುವ ಕ್ರಮ

ಬೆಳಿಗ್ಗೆ ಎದ್ದ ಕೂಡಲೇ ಬರುವ ಕಫ ಶ್ರೇಷ್ಠ. ಬರೇ ನೀರಿನಿಂದ ಬಾಯಿ ಮುಕ್ಕಳಿಸಿ. ಕಟ್ಟಿದ ಹಲ್ಲುಗಳಿದ್ದರೆ ತೆಗೆದಿಡಿ. ಅಂಗಳಕ್ಕೋ ಟೆರೇಸಿಗೋ, ಗಾಳಿಯಾಡುವ ಕಡೆಗೆ, ಯಾರೂ ಇಲ್ಲದ ಜಾಗಕ್ಕೆ ಹೋಗಿ. ಸಂಕೋಚವೂ ಇರುವುದಿಲ್ಲ, ಇತರರಿಗೆ ಸೋಂಕೂ ತಗಲುವುದಿಲ್ಲ. ಎರಡು ಮೂರು ಸಲ ದೀರ್ಘವಾಗಿ ಉಸಿರೆಳೆದು, ಎದೆಯ ಆಳದಿಂದ ಕೆಮ್ಮಿ ಬಂದದ್ದನ್ನು ನೇರವಾಗಿ ಡಬ್ಬಿಗೆ ಹಾಕಿ. ನೊರೆ ನೊರೆಯಾಗಿ ನೀರಿನಂತಿದ್ದರೆ ಅದು ಉಗುಳು. ದಪ್ಪಗೆ ಅಂಟಂಟಾಗಿದ್ದರೆ ಕಫ. ಮುಚ್ಚಳ ಬಿಗಿದು, ಸಾಧ್ಯವಾದಷ್ಟು ಬೇಗ, ಎರಡು ಗಂಟೆಯೊಳಗೆ ಲ್ಯಾಬಿಗೆ ತಲುಪಿಸಿ. ತಡವಾಗುವಂತಿದ್ದರೆ ಏನು ಮಾಡಬೇಕೆಂದು ಲ್ಯಾಬಿನವರನ್ನೇ ಕೇಳಿ.

ಎಲ್ಲಕ್ಕಿಂತ ಮುಖ್ಯವಾಗಿ, ಆ್ಯಂಟಿಬಯೋಟಿಕ್ ಆರಂಭಿಸುವ ಮುನ್ನವೇ ಕಫ ಕೊಡಿ. ಎರಡು ದಿನ ಮಾತ್ರೆ ತಿಂದು ಮತ್ತೆ ಕೊಟ್ಟರೆ ತಟ್ಟೆಯಲ್ಲಿ ರೋಗಾಣು ಬೆಳೆಯದೇ ಹೋಗಬಹುದು. ಈಗಾಗಲೇ ತಿಂದಿದ್ದರೆ ಮುಚ್ಚಿಡದೆ ಯಾವ ಮಾತ್ರೆ, ಎಷ್ಟು ದಿನ ಎಂದು ಹೇಳಿ.

ರಮಝಾನಿನಲ್ಲಾದರೆ ಸಹರಿಗೆ ಎದ್ದಾಗಲೇ, ಊಟಕ್ಕೆ ಮುನ್ನ ಕಫ ತೆಗೆದಿಡಬಹುದೇ ಎಂದು ಲ್ಯಾಬಿನಲ್ಲಿ ಮೊದಲೇ ವಿಚಾರಿಸಿಕೊಳ್ಳಿ. ದಿನಕ್ಕೆ ಮೂರು ಹೊತ್ತಿನ ಮಾತ್ರೆಯನ್ನು ನೀವಾಗಿ ಎರಡು ಹೊತ್ತಿಗೆ ಇಳಿಸಬೇಡಿ. ಸಹರಿಗೂ ಇಫ್ತಾರಿಗೂ ಹೊಂದುವ ಮದ್ದು ಇದೆಯೇ ಎಂದು ವೈದ್ಯರನ್ನು ಕೇಳಿ. ಇಲ್ಲವೆಂದಾದರೆ, ರೋಗಿಗೆ ಉಪವಾಸವನ್ನು ಮುಂದೂಡುವ ರಿಯಾಯಿತಿ ಇರುವುದು ಇಂತಹ ಹೊತ್ತಿಗಾಗಿಯೇ.

ಎರಡು ವಾರದ ಗಡಿ

ಕೆಮ್ಮು ಎರಡು ವಾರ ದಾಟಿದರೆ ಕ್ಷಯದ ಪರೀಕ್ಷೆ ಮಾಡಿಸಲೇಬೇಕು. ಜಗತ್ತಿನ ಕ್ಷಯರೋಗಿಗಳಲ್ಲಿ ನಾಲ್ವರಲ್ಲಿ ಒಬ್ಬರು ಭಾರತದವರು. ಮಾಮೂಲಿ ಕೆಮ್ಮಿಗೆಂದು ತಿನ್ನುವ ಲಿವೊಫ್ಲಾಕ್ಸಾಸಿನ್‌ನಂತಹ ಮಾತ್ರೆಗಳು ಕ್ಷಯದ ರೋಗಾಣುವನ್ನೂ ಸ್ವಲ್ಪ ಕಾಲ ಅಡಗಿಸುತ್ತವೆ. ಕೆಮ್ಮು ಕಡಿಮೆಯಾದಂತೆ ಕಾಣುತ್ತದೆ. ರೋಗ ಒಳಗೇ ಬೆಳೆಯುತ್ತದೆ, ಪತ್ತೆಯಾಗುವುದು ತಡವಾಗುತ್ತದೆ, ಮುಂದೆ ಬೇಕಾಗುವ ಮದ್ದೇ ನಾಟದಂತಾಗುವ ಅಪಾಯವೂ ಇದೆ.

ಕ್ಷಯದ ರೋಗಾಣು ಬಹಳ ನಿಧಾನವಾಗಿ ಬೆಳೆಯುವುದರಿಂದ ಕಲ್ಚರ್ ಪರೀಕ್ಷೆಗೆ ವಾರಗಟ್ಟಲೆ ಬೇಕು. ಆದರೆ ಈಗ ಸಿಬಿನ್ಯಾಟ್ ಎಂಬ ಯಂತ್ರ ಸುಮಾರು ಎರಡು ಗಂಟೆಯಲ್ಲಿ ರೋಗಾಣು ಇದೆಯೇ ಎಂಬುದನ್ನೂ, ಅದು ರಿಫಾಂಪಿಸಿನ್ ಎಂಬ ಮುಖ್ಯ ಮದ್ದಿಗೆ ಬಗ್ಗುತ್ತದೆಯೇ ಎಂಬುದನ್ನೂ ಹೇಳುತ್ತದೆ. ನಮ್ಮ ದೇಶದಲ್ಲೇ ತಯಾರಾದ ಟ್ರೂನ್ಯಾಟ್ ಯಂತ್ರವೂ ಇದೇ ಕೆಲಸ ಮಾಡುತ್ತದೆ. ಸರಕಾರಿ ವ್ಯವಸ್ಥೆಯಲ್ಲಿ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ. ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕಾಗಿ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿಯನ್ನು 2024ರ ನವೆಂಬರಿನಿಂದ 1,000 ರೂಪಾಯಿಗೆ ಏರಿಸಲಾಗಿದೆ.

ಆದರೂ ಯಾಕೆ ಹಿಂಜರಿಕೆ? 'ಮದುವೆಯ ವಯಸ್ಸಿನ ಹುಡುಗಿ. ಟಿಬಿ ಎಂದು ಗೊತ್ತಾದರೆ ಸಂಬಂಧ ಬರುತ್ತದೆಯೇ?' ಎಂಬ ಮಾತನ್ನು ನೀವೂ ಕೇಳಿರಬಹುದು. ಸಾಮಾನ್ಯ ಕ್ಷಯ 6 ತಿಂಗಳ ಚಿಕಿತ್ಸೆಯಲ್ಲಿ ವಾಸಿಯಾಗುತ್ತದೆ. ವಾಸಿಯಾದ ಹುಡುಗಿ ಎಲ್ಲರಂತೆ ಬದುಕಬಲ್ಲಳು. ಮುಚ್ಚಿಟ್ಟ ರೋಗ ಮಾತ್ರ ಮದುವೆಯ ನಂತರವೂ ಅವಳ ಜೊತೆಗೇ ಹೋಗುತ್ತದೆ.

ಕಾಯಬಾರದ ಹೊತ್ತು

ಪುಟ್ಟ ಮಕ್ಕಳ ವಿಷಯದಲ್ಲಿ ಒಂದು ಎಚ್ಚರಿಕೆ. ಮಗು ಶಾಂತವಾಗಿರುವಾಗ ಎದೆಯ ಏರಿಳಿತವನ್ನು ಒಂದು ನಿಮಿಷ ಪೂರ್ತಿ ಎಣಿಸಿ. ಎರಡು ತಿಂಗಳಿಗಿಂತ ಚಿಕ್ಕ ಮಗುವಿಗೆ ನಿಮಿಷಕ್ಕೆ 60, ಎರಡರಿಂದ ಹನ್ನೆರಡು ತಿಂಗಳ ಮಗುವಿಗೆ 50, ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಅದಕ್ಕಿಂತ ಹೆಚ್ಚು ಉಸಿರು ಇದ್ದರೆ ಅದು ನ್ಯುಮೋನಿಯಾದ ಲಕ್ಷಣವಾಗಿರಬಹುದು. ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬಿದ್ದರೆ, ಹಾಲು ಕುಡಿಯದಿದ್ದರೆ, ತುಟಿ ನೀಲಿಯಾದರೆ ಪರೀಕ್ಷೆ, ವರದಿ ಎಂದು ಕಾಯದೆ ಕೂಡಲೇ ಆಸ್ಪತ್ರೆಗೆ ಓಡಿ. ಲಸಿಕೆಗಳನ್ನೂ ತಪ್ಪಿಸಬೇಡಿ. ನ್ಯುಮೊಕಾಕಸ್ ಲಸಿಕೆ 2021ರಿಂದ ದೇಶದೆಲ್ಲೆಡೆ ಸರಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಸಿಗುತ್ತಿದೆ. ಬಾರದ ರೋಗಕ್ಕೆ ಮದ್ದಿನ ಚಿಂತೆಯೇ ಇಲ್ಲ.

ಓದುಗ ಸಹೋದರಿಯರೇ, ಮನೆಯಲ್ಲಿ ಯಾರಿಗೆ ಯಾವ ಮಾತ್ರೆ, ಎಷ್ಟು ಹೊತ್ತಿಗೆ ಎಂದು ನೆನಪಿಟ್ಟು ಕೊಡುವವರು ನೀವು. ಕಪಾಟಿನಲ್ಲಿ ಉಳಿದ ಅರ್ಧ ಹಾಳೆಯನ್ನು ಇನ್ನೊಬ್ಬರ ಕೆಮ್ಮಿಗೆ ಎತ್ತಿ ಕೊಡುವುದೂ ಕೊಡದಿರುವುದೂ ನಿಮ್ಮ ಕೈಯಲ್ಲಿದೆ. ಮುಂದಿನ ಸಲ ವೈದ್ಯರ ಬಳಿ ಹೋದಾಗ ಎರಡು ಪ್ರಶ್ನೆ ಕೇಳಿ: 'ಡಾಕ್ಟ್ರೇ, ಇದಕ್ಕೆ ಆ್ಯಂಟಿಬಯೋಟಿಕ್ ಬೇಕೇ ಬೇಕಾ? ಶುರು ಮಾಡುವ ಮೊದಲು ಕಫವನ್ನೋ ಗಂಟಲನ್ನೋ ಪರೀಕ್ಷೆ ಮಾಡಿಸಬೇಕಾ?' ಮತ್ತು ನಿಮಗೇ ಕೆಮ್ಮು ಬಂದಾಗ, 'ನನಗೇನಾಗಿದೆ, ಮಕ್ಕಳಿಗೆ ವಾಸಿಯಾದರೆ ಸಾಕು' ಎಂದು ಎರಡು ವಾರವನ್ನು ಎರಡು ತಿಂಗಳು ಮಾಡಬೇಡಿ. ಡಬ್ಬಿ ಕೈಗೆ ಸಿಕ್ಕಿದಾಗ ನಾಚಿಕೆ ಬಿಟ್ಟು, ಎದೆಯಾಳದಿಂದ ಕೆಮ್ಮಿ ಕೊಡಿ.